ಕೈಯಲ್ಲಿ ಹೂವಿಲ್ಲದ ಹುಡುಗಿ

ಏಳನೆಯ ಕಂತು

ನಾನು ಬೆರಳು ಇಟ್ಟೇಬಿಟ್ಟೆ.

ಮುಟ್ಟಬಾರದು ಎಂದು ಚಿತ್ರದ ಪಕ್ಕದಲ್ಲೇ ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಬರೆದು ಅಂಟಿಸಿದ್ದರು. ನಾನೂರು ವರ್ಷಕ್ಕಿಂತ ಹಿಂದೆ ಮರದ ಹಲಗೆಯ ಮೇಲೆ ಬರೆದ ಚಿತ್ರ. ಅದನ್ನು ಬರಿಗೈಯಲ್ಲಿ ಮುಟ್ಟಿದ್ದು ಗೊತ್ತಾದರೆ ನನ್ನ ಇನ್ಶೂರೆನ್ಸ್ ಕಂಪನಿ ಮರುದಿನವೇ ನನಗೆ ಮಂಗಳೂರಿನ ಟಿಕೆಟ್ ತೆಗೆದುಕೊಡುತ್ತಿತ್ತು. ಕೊಡಲಿ. ಬೆಳಿಗ್ಗೆಯಿಂದ ಆ ಬಿಳಿ ಮಬ್ಬನ್ನು ನೋಡಿ ನೋಡಿ ನನ್ನ ತಲೆ ಕೆಟ್ಟುಹೋಗಿತ್ತು.

ಚಿತ್ರ ಒಂದು ಮೊರದಷ್ಟು ಅಗಲ. ಯುರೋಪಿನ ಫ್ಲಾಂಡರ್ಸ್ ಕಡೆಯ ಯಾವನೋ ಹೆಸರು ಉಳಿಯದ ಕಲಾವಿದ ಬರೆದದ್ದು. ಕಪ್ಪು ಉಡುಪು, ತಲೆಗೆ ಬಿಳಿ ಬಟ್ಟೆ, ಹದಿನೇಳು ಹದಿನೆಂಟರ ಹುಡುಗಿ. ಬಲಗೈಯನ್ನು ಎದೆಯ ಹತ್ತಿರ ಹಿಡಿದಿದ್ದಾಳೆ. ಮಂಗಳವಾರ ಮಧ್ಯಾಹ್ನದ ತನಕ ಆ ಕೈಯಲ್ಲಿ ಒಂದು ಕೆಂಪು ಕಾರ್ನೇಶನ್ ಹೂವಿತ್ತು. ಬುಧವಾರ ಬೆಳಿಗ್ಗೆ ಇರಲಿಲ್ಲ. ಯಾರೋ ಬಂದು ಹೂವನ್ನಷ್ಟೇ ಒರೆಸಿ ಹೋಗಿದ್ದರು. ಉಳಿದದ್ದು ಮುಚ್ಚಿದ ಬೆರಳುಗಳು ಮತ್ತು ಅವುಗಳ ಮೇಲೆ ಹರಡಿದ್ದ ಬಿಳಿ ಮಬ್ಬು.

ಇದೆಲ್ಲ ಚಿತ್ರವನ್ನು ಶುಚಿಗೊಳಿಸಲು ಬರುತ್ತಿದ್ದ ಅಶ್ವಿತಾಳದ್ದೇ ಕೆಲಸ ಎಂದು ಮನೆಯ ಯಜಮಾನ ಜಲೀಲ್ ಹಾಜಿ ಪಟ್ಟು ಹಿಡಿದಿದ್ದರು. ಸಂಜೆಯೊಳಗೆ ನಾನು ಬೇರೆ ಹೆಸರು ಕೊಡದಿದ್ದರೆ ಅವಳ ಮೇಲೆ ಪೊಲೀಸ್ ದೂರು. ಲಂಡನ್ನಿನ ತಜ್ಞನೊಬ್ಬ ಫೋಟೋ ನೋಡಿಯೇ ತೀರ್ಪು ಕೊಟ್ಟಿದ್ದ: ಅನುಭವವಿಲ್ಲದ ಕೈ ತಪ್ಪು ದ್ರಾವಕ ಬಳಸಿದರೆ ಇಂಥ ಬಿಳಿಚು ಏಳುತ್ತದಂತೆ.

ನನ್ನ ಬೆರಳಿನ ಕೆಳಗೆ ಆ ಬಿಳಿಚು ಕರಗಿತು.

ಹೌದು, ಕರಗಿತು. ಬೆರಳು ಎತ್ತಿದರೆ ಅಲ್ಲಿ ಮಬ್ಬೇ ಇಲ್ಲ. ಒಂದು ಕಡಲೆಕಾಳಿನಷ್ಟು ಜಾಗದಲ್ಲಿ ಹುಡುಗಿಯ ಬೆರಳ ಗಂಟು ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ನನ್ನ ತುದಿಬೆರಳು ಜಿಡ್ಡಾಗಿತ್ತು. ಮೂಗಿಗೆ ಹಿಡಿದೆ.

ಯೇಸು ಮರಿಯೇ! ಶನಿವಾರ ಸಂಜೆ ಅಮ್ಮ ನನ್ನ ತಲೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ತಟ್ಟುತ್ತಿದ್ದ ವಾಸನೆ. ತೆಂಗಿನೆಣ್ಣೆ. ಅದೂ ಅಂಗಡಿಯದಲ್ಲ, ಮನೆಯಲ್ಲಿ ಕರಿಬೇವು, ಮೆಂತೆ ಹಾಕಿ ಕಾಯಿಸಿದ್ದು.

ದೋಹಾದಲ್ಲಿ ಚಳಿಗಾಲ ಬಂದರೆ ನಮ್ಮ ಊರಿನವರ ಮನೆಮನೆಯಲ್ಲೂ ಎಣ್ಣೆ ಬಾಟ್ಲಿ ಮೇಣವಾಗುತ್ತದೆ. ಸ್ನಾನದ ಮೊದಲು ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿಯಬೇಕು. ಅಲ್ ಗರಾಫಾದ ಈ ವಿಲ್ಲಾದಲ್ಲಿ ಚಿತ್ರ ಕೆಡಬಾರದೆಂದು ಈ ಒಂದು ಕೋಣೆಯನ್ನು ವರ್ಷವಿಡೀ ಫ್ರಿಜ್ಜಿನ ಹಾಗೆ ತಣ್ಣಗೆ ಇಟ್ಟಿದ್ದರು. ಇಲ್ಲಿ ಹಚ್ಚಿದ ಎಣ್ಣೆ ಹೆಪ್ಪುಗಟ್ಟದೆ ಇನ್ನೇನಾದೀತು? ಲಂಡನ್ನಿನ ಆ ಮಹಾಶಯನ ಅಮ್ಮ ಅವನ ತಲೆಗೆ ಒಮ್ಮೆಯೂ ಎಣ್ಣೆ ಇಟ್ಟಿರಲಿಕ್ಕಿಲ್ಲ.

ಇದರಿಂದ ಒಂದು ಮಾತು ಖಚಿತವಾಯಿತು. ಇದು ಅಶ್ವಿತಾ ಮಾಡಿದ್ದಲ್ಲ. ಚಿತ್ರದ ಮೇಲೆ ತನ್ನ ಉಸಿರು ಬೀಳಬಾರದೆಂದು ಆ ಹುಡುಗಿ ಮಾಸ್ಕಿನ ಮೇಲೆ ಮಾಸ್ಕು ಹಾಕುತ್ತಿದ್ದವಳು. ಅವಳು ಸತ್ತರೂ ಅದರ ಮೇಲೆ ಅಡುಗೆಮನೆಯ ಎಣ್ಣೆ ಸುರಿಯಲಾರಳು.

ಆದರೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದು ಬೇರೆಯೇ ಒಂದು ಯೋಚನೆ. ಎಣ್ಣೆಯನ್ನು ಹೂವಿದ್ದ ಜಾಗದಲ್ಲಿ ಮಾತ್ರ ಹಚ್ಚಿರಲಿಲ್ಲ. ಬೆರಳಿನಿಂದ ಮಣಿಕಟ್ಟಿನವರೆಗೆ, ಒಂದೇ ದಿಕ್ಕಿನಲ್ಲಿ, ನಿಧಾನವಾಗಿ ಸವರಿದ್ದರು. ಒಲೆಯ ಪಾತ್ರೆ ತಾಗಿ ಮಗುವಿನ ಕೈ ಸುಟ್ಟರೆ ನಮ್ಮ ಹೆಂಗಸರು ಹೀಗೆಯೇ ಸವರುತ್ತಾರೆ. ಹೂವನ್ನು ಒರೆಸಿದ ಮೇಲೆ ಹುಡುಗಿಯ ಕೈ ಉರಿಯುತ್ತದೇನೋ ಎಂದು ಯಾರಿಗೋ ಕರುಳು ಚುರ್ರೆಂದಿದೆ.

ಕಳ್ಳರ ಹಿಂದೆ ತಿರುಗುವ ಈ ಕೆಲಸದಲ್ಲಿ ನಾನು ತುಂಬ ಸುಳ್ಳು ನೋಡಿದ್ದೇನೆ. ಪುರಾವೆಯಲ್ಲಿ ಹೀಗೆ ಯಾರದೋ ಅಕ್ಕರೆ ಕಂಡದ್ದು ಇದೇ ಮೊದಲು.

ಅಶ್ವಿತಾ ಗೇಟಿನ ಹೊರಗೆ ನನ್ನ ಕಾರಿನಲ್ಲಿ ಕುಳಿತಿದ್ದಳು. ಅವಳಿಗೆ ಮನೆಯೊಳಗೆ ಪ್ರವೇಶವಿರಲಿಲ್ಲ. ಮಡಿಲಲ್ಲಿದ್ದ ಫೋನು ಬಡಿದುಕೊಳ್ಳುತ್ತಲೇ ಇತ್ತು, ಪರದೆಯ ಮೇಲೆ ಸುಶಾಂತನ ಹೆಸರು. ಅವಳು ಎತ್ತುತ್ತಿರಲಿಲ್ಲ. ಮುಂದಿನ ತಿಂಗಳು ಮೂಡಬಿದ್ರೆಯಲ್ಲಿ ಇಬ್ಬರ ಮದುವೆ. ಹುಡುಗನ ಜಾತಿ ಬೇರೆ ಎಂದು ಅವಳ ಅಪ್ಪ ವರ್ಷಗಟ್ಟಲೆ ಮುಖ ತಿರುಗಿಸಿ ಕುಳಿತು, ಈಗಷ್ಟೇ ಅರೆಮನಸ್ಸಿನಿಂದ ತಲೆಯಾಡಿಸಿದ್ದರು. ದೂರು ದಾಖಲಾದರೆ ಕೇಸು ಮುಗಿಯುವ ತನಕ ಅವಳು ಕತಾರ್ ಬಿಡುವಂತಿಲ್ಲ. ತಪ್ಪು ಮಾಡಿಲ್ಲವೆಂದು ಕಡೆಗೆ ಸಾಬೀತಾದರೂ, ಅಷ್ಟರಲ್ಲಿ ಮಂಟಪವೂ ಇಲ್ಲ ಮುಹೂರ್ತವೂ ಇಲ್ಲ.

"ಅಪ್ಪ ಒಂದು ನೆಪ ಕಾಯ್ತಾ ಇದ್ದಾರೆ ಮೇಡಂ. ನಾನೇ ತೆಗೆದು ಅವರ ಕೈಗೆ ಕೊಟ್ಟ ಹಾಗಾಯ್ತು."

ನೀನು ಏನೂ ಕೊಟ್ಟಿಲ್ಲ, ಸುಮ್ಮನಿರು ಎಂದು ಗದರಿದೆ. ಅಳುವವರನ್ನು ಸಮಾಧಾನ ಮಾಡಲು ನನಗೆ ಬರುವುದು ಗದರುವುದೊಂದೇ. ಆಮೇಲೆ, ಈ ಹೂವಿನ ಬಗ್ಗೆ ಮನೆಯವರ ಹತ್ತಿರ ಏನಾದರೂ ಮಾತಾಡಿದ್ದೆಯಾ ಎಂದು ಕೇಳಿದೆ.

ಮಾತಾಡಿದ್ದಳು. ಹೋದ ವಾರ ಹಾಜಿಯವರ ಹೆಂಡತಿ ಅಸೀಫಾ ಮತ್ತು ಮಗಳು ಸಾಲಿಹಾ ಚಹಾ ತಂದುಕೊಟ್ಟು ಬಾಗಿಲಲ್ಲಿ ನಿಂತಿದ್ದರಂತೆ. ಇವಳು ಹುರುಪಿನಲ್ಲಿ ನೇರಳೆ ದೀಪ ಹಾಕಿ ತೋರಿಸಿದ್ದಳು. ಆ ಬೆಳಕಿನಲ್ಲಿ ಹಳೆಯ ಬಣ್ಣವೆಲ್ಲ ಮಂಜುಮಂಜಾಗಿ ಹೊಳೆಯಿತು, ಹೂವೊಂದೇ ಕರಿಯ ಕಲೆಯಾಗಿ ಕಂಡಿತು. ಅಂದರೆ ಹೂವು ಆಮೇಲೆ ಬೇರೆ ಯಾರೋ ಬರೆದದ್ದು. ಮೂಲದ ಕಲಾವಿದ ಹುಡುಗಿಯ ಕೈಗೆ ಏನೂ ಕೊಟ್ಟಿರಲಿಲ್ಲ.

ಅದರಲ್ಲೇನಿದೆ ಅಂಥದ್ದು ಎಂದೆ.

ಆ ಕಾಲದಲ್ಲಿ ಅಲ್ಲಿಯ ದೊಡ್ಡ ಮನೆಗಳಲ್ಲಿ ಹೆಣ್ಣಿನ ಚಿತ್ರ ಬರೆಸಿ ದೂರದ ಗಂಡಿನ ಮನೆಗೆ ಕಳಿಸುವ ಪದ್ಧತಿಯಿತ್ತು ಎಂದಳು ಅಶ್ವಿತಾ. ಹುಡುಗಿಯ ಕೈಯಲ್ಲಿ ಕಾರ್ನೇಶನ್ ಇದ್ದರೆ ನಿಶ್ಚಯವಾಗಿದೆ, ಅವಳು ಒಪ್ಪಿದ್ದಾಳೆ ಎಂದು ಲೆಕ್ಕ. ಬಹುಶಃ ಈ ಹುಡುಗಿ ಬರಿಗೈಯಲ್ಲೇ ಕುಳಿತಿದ್ದಳು, ಮದುವೆ ನಡೆದ ಮೇಲೆ ಗಂಡಿನ ಕಡೆಯವರು ಯಾರ ಕೈಯಲ್ಲೋ ಹೂವು ಬರೆಸಿಕೊಂಡರು. ಮನೆಗೆ ಬಂದವರು ನೋಡಿ, ಪಾಪ ಎಷ್ಟು ಇಷ್ಟಪಟ್ಟು ಬಂದವಳು ಎನ್ನಬೇಕಲ್ಲ.

ಇದನ್ನು ಕೇಳಿ ಸಾಲಿಹಾ ಒಂದು ಪ್ರಶ್ನೆ ಕೇಳಿದ್ದಳಂತೆ: ಹೂವು ಹಿಡಿಯದಿದ್ದರೂ ಮದುವೆ ಆಯಿತಾ? ಅಶ್ವಿತಾ ನಕ್ಕು, ಆಗದೆ ಏನು, ಹುಡುಗಿಯ ಕೈಯಲ್ಲಿ ಏನುಂಟು ಅಂತ ಯಾರು ನೋಡ್ತಾರೆ ಎಂದಿದ್ದಳು. ಅಸೀಫಾ ಚಹಾದ ಲೋಟವನ್ನು ಅರ್ಧಕ್ಕೇ ಬಿಟ್ಟು ಕೆಳಗಿಳಿದು ಹೋದರು.

ಸಾಲಿಹಾಳ ನಿಕಾಹ್ ನಾಳೆ, ಶುಕ್ರವಾರ ಅಸರ್ ನಮಾಜ್ ಆದ ಮೇಲೆ. ಇವತ್ತು ಸಂಜೆಯ ಮಗ್ರಿಬ್ ನಮಾಜ್ ಕಳೆದು ಗಂಡಿನ ಕಡೆಯ ಹೆಂಗಸರು ಮದುವಣಗಿತ್ತಿಯ ಬಟ್ಟೆ ತೆಗೆದುಕೊಂಡು ಬರುವವರಿದ್ದರು. ಗಂಡು ಹಾಜಿಯವರ ವ್ಯಾಪಾರದ ಪಾಲುದಾರನ ಮಗ ಮುಸ್ತಫಾ. ಒಳ್ಳೆಯ ಹುಡುಗ ಎಂದು ಎಲ್ಲರೂ ಹೇಳುತ್ತಿದ್ದರು, ನನಗೂ ಹಾಗೆಯೇ ಕಂಡಿತ್ತು.

ಚಿತ್ರದ ಕೋಣೆಯ ಕೀಲಿ ಸಿಗುತ್ತಿದ್ದದ್ದು ಮನೆಯ ಮೂವರಿಗೆ. ಹಾಜಿಯವರು ಆ ಚಿತ್ರವನ್ನು ಎಷ್ಟು ಪ್ರೀತಿಸುತ್ತಿದ್ದರೆಂದರೆ ಅತಿಥಿಗಳಿಗೆ ಊಟಕ್ಕಿಂತ ಮೊದಲು ಅದನ್ನೇ ಬಡಿಸುತ್ತಿದ್ದರು. ಅವರನ್ನು ಬಿಟ್ಟೆ. ಸಾಲಿಹಾ ಮಂಗಳವಾರ ಸಂಜೆ ಕೆಳಗಿನ ಹಾಲಿನಲ್ಲಿ ಎರಡೂ ಕೈಗೆ ಮದರಂಗಿ ಹಾಕಿಸಿಕೊಂಡು, ಮನೆ ತುಂಬ ಹೆಂಗಸರ ನಡುವೆ ಕುಳಿತಿದ್ದಳು. ಹಸಿ ಮದರಂಗಿಯ ಕೈಯಲ್ಲಿ ನೀರು ಕುಡಿಯಲೂ ಆಗುವುದಿಲ್ಲ, ಇನ್ನು ಹತ್ತಿ ಹಿಡಿದು ಚಿತ್ರ ಒರೆಸುವುದೆಲ್ಲಿ ಬಂತು. ಉಳಿದವರು ಒಬ್ಬರೇ. ನಾನು ಕಾರಿನಿಂದ ಇಳಿದು ನೇರ ಅಡುಗೆಮನೆಗೆ ನಡೆದೆ.

ಅಸೀಫಾ ಒಬ್ಬರೇ ಇದ್ದರು. ಒಲೆಯ ಪಕ್ಕ ಒಂದು ಪಾತ್ರೆಯಲ್ಲಿ ಬಿಸಿನೀರು, ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ ನಿಲ್ಲಿಸಿದ ಎಣ್ಣೆ ಬಾಟ್ಲಿ. ತಳದಲ್ಲಿ ಕರಿಬೇವಿನ ಕರಿ ಎಲೆಗಳು.

ನಾನು ಬಾಟ್ಲಿ ಎತ್ತಿ ಮೂಸಿದೆ, ವಾಪಸ್ ನೀರಿನಲ್ಲಿಟ್ಟೆ, ಅವರ ಮುಖ ನೋಡಿದೆ.

ಅವರು ಸ್ಟೂಲು ಎಳೆದು ಕುಳಿತರು. ನಲವತ್ತೈದರ ಹೆಂಗಸು, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿದವಳಲ್ಲ. ಕ್ರೈಸ್ತ ಹೆಂಗಸರನ್ನು ಕರೆಯುವ ಉಳ್ಳಾಲದ ಹಳೆಯ ರೂಢಿಯಂತೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು.

"ಒರೆಸಿದ್ದು ನಾನೇ ಬಾಯಮ್ಮ. ನನ್ನ ಹೆಸರು ಬರ್ಕೊಳ್ಳಿ. ಆ ಹುಡುಗಿಯನ್ನು ಬಿಟ್ಟುಬಿಡಿ."

ಏಕೆ ಎಂದು ಕೇಳಿದೆ. ಕೇಳಬೇಕಾದ್ದು ನನ್ನ ಕೆಲಸ, ಆದರೆ ಆ ಕ್ಷಣದಲ್ಲಿ ಕೇಳಿದ್ದು ಕೆಲಸಕ್ಕಾಗಿ ಅಲ್ಲ.

ಅವರು ನೀರಿನಲ್ಲಿದ್ದ ಬಾಟ್ಲಿಯನ್ನೇ ತಿರುಗಿಸುತ್ತಿದ್ದರು. ಆಮೇಲೆ ಹೇಳಿದರು. ಇಪ್ಪತ್ತೈದು ವರ್ಷದ ಹಿಂದೆ ತೊಕ್ಕೊಟ್ಟಿನ ಒಂದು ಸ್ಟುಡಿಯೋದಲ್ಲಿ ಅವರ ಫೋಟೋ ತೆಗೆಸಿದ್ದರು. ದೋಹಾದಲ್ಲಿದ್ದ ಗಂಡಿಗೆ ಕಳಿಸಲು. ಅವರಿಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು, ಹೋಗಬೇಕೆಂದು ಜೀವ ಹಿಡಿದುಕೊಂಡಿದ್ದರು. ದಾರಿಯುದ್ದಕ್ಕೂ ಅತ್ತು ಮುಖ ಊದಿತ್ತು. ಸ್ಟುಡಿಯೋದವನು ಮುಖಕ್ಕೆ ಪೌಡರ್ ಬಳಿದು, ಕೈ ಖಾಲಿ ಖಾಲಿ ಕಾಣ್ತದೆ ಎಂದು ಒಂದು ಪ್ಲಾಸ್ಟಿಕ್ ಗುಲಾಬಿಯನ್ನು ಬೆರಳುಗಳ ನಡುವೆ ತುರುಕಿದ. ಆ ಗುಲಾಬಿಯ ಮೇಲೆ ಅದೆಷ್ಟು ಜನ ಹುಡುಗಿಯರ ಬೆವರಿತ್ತೋ, ಅಂಟಂಟಾಗಿತ್ತಂತೆ.

ಆಮೇಲೆ ಉಪ್ಪ, ಅಂದರೆ ಅವರ ಅಪ್ಪ, ಬಂದು ಒಪ್ಪಿಗೆ ಅಲ್ವಾ ಎಂದು ಕೇಳಿದಾಗ ಇವರು ಬಾಯಿ ಬಿಡಲಿಲ್ಲ.

"ನಮ್ಮ ದೀನ್‌ನಲ್ಲಿ, ಧರ್ಮದಲ್ಲಿ, ಹುಡುಗಿಯನ್ನು ಕೇಳಲೇಬೇಕು ಬಾಯಮ್ಮ. ನಾಚಿಕೆಯಿಂದ ಸುಮ್ಮನಿದ್ರೆ ಅದೂ ಒಪ್ಪಿಗೆಯೇ ಅಂತ ಉಂಟು. ಆದ್ರೆ ಹೆದರಿ ಸುಮ್ಮನಿದ್ರೆ ಒಪ್ಪಿಗೆ ಅಂತ ಎಲ್ಲಿಯೂ ಇಲ್ಲ. ಯಾವುದು ನಾಚಿಕೆ, ಯಾವುದು ಹೆದರಿಕೆ ಅಂತ ನೋಡುವವರು ಮುಖ ನೋಡ್ಬೇಕಲ್ಲಾ. ನಮ್ಮಲ್ಲಿ ಯಾರೂ ಮುಖ ನೋಡ್ಲಿಲ್ಲ."

ಹಾಜಿಯವರು ಕೆಟ್ಟವರಲ್ಲ ಎಂದೂ ಸೇರಿಸಿದರು. ಒಂದು ದಿನವೂ ಕೈ ಎತ್ತಿದವರಲ್ಲ, ಉಣ್ಣಲು ಉಡಲು ಕಡಿಮೆ ಮಾಡಿದವರಲ್ಲ. ಹೆಂಡತಿ ಖುಷಿಯಿಂದ ಹೂವು ಹಿಡಿದು ಬಂದವಳು ಎಂದೇ ನಂಬಿ ಬದುಕಿದವರು. ಯುರೋಪಿನ ಯಾವುದೋ ಹರಾಜಿನಲ್ಲಿ ಈ ಚಿತ್ರ ಕಂಡ ತಕ್ಷಣ ಕೊಂಡದ್ದೂ ಅದಕ್ಕೇ. ಇದು ನಮ್ಮ ಅಸೀಫಾಳ ಫೋಟೋದ ಹಾಗೆಯೇ ಉಂಟು ಎಂದು ಮಗುವಿನ ಹಾಗೆ ಕುಣಿದಿದ್ದರಂತೆ.

ನನಗೆ ಅಳು ಬಂತು, ಅದಕ್ಕೆ ಸಿಟ್ಟೂ ಬಂತು. ನಾನಾದರೋ ಅಬು ಹಮೂರಿನ ಇಗರ್ಜಿಯಲ್ಲಿ ಪಾದ್ರಿ ಕೇಳಿದಾಗ ಕೊನೆಯ ಬೆಂಚಿಗೂ ಕೇಳುವ ಹಾಗೆ ಹೌದು ಎಂದವಳು. ನನ್ನ ಗಂಡ ಡ್ಯಾರೆಲ್ ಕೂಡ ಅಷ್ಟೇ ಜೋರಾಗಿ ಹೌದು ಎಂದಿದ್ದ. ಅವನ ಹೌದು ಕೆನಡಾಕ್ಕೆ ಹೋಗಿ ಬೇರೊಬ್ಬಳ ಪಾಲಾಯಿತು. ಆದರೂ ನಾನು ಹೇಳಿದ್ದು ನನ್ನ ಬಾಯಿಯಿಂದಲೇ, ಸೋತದ್ದು ನನ್ನ ಆಟದಲ್ಲೇ. ಎದುರಿಗಿದ್ದ ಈ ಹೆಂಗಸಿಗೆ ಆ ಸೋಲೂ ಸಿಕ್ಕಿರಲಿಲ್ಲ.

ಪುಸ್ತಕ ತೆಗೆದೆ. ಅವರ ಹೆಸರು ಬರೆಯುವ ಮೊದಲು ಅಭ್ಯಾಸಬಲದಿಂದ ಒಂದು ಪ್ರಶ್ನೆ ಹಾಕಿದೆ. ಹೂವನ್ನು ಒರೆಸಿದ್ದು ಏನು ಹಾಕಿ?

"ಇದೇ ಎಣ್ಣೆ. ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಒರೆಸಿದೆ. ಬಂತು."

ನನ್ನ ಪೆನ್ನು ನಿಂತಿತು.

ತೆಂಗಿನೆಣ್ಣೆಗೆ ಅಂಥ ಒಣಗಿದ ಬಣ್ಣ ಜಗ್ಗುವುದಿಲ್ಲ. ಅಶ್ವಿತಾ ನಿನ್ನೆಯೇ ನನಗೆ ತಿಳಿಸಿ ಹೇಳಿದ್ದಳು: ಇಂಥ ಮೇಲ್‌ಬಣ್ಣ ಬರಬೇಕಾದರೆ ಅಸಿಟೋನ್ ಬೇಕು. ಅಸಿಟೋನ್ ಎಂದರೆ ಹೆಂಗಸರು ಉಗುರುಬಣ್ಣ ತೆಗೆಯುವ ದ್ರವ, ಬೇರೇನಲ್ಲ. ನಮಾಜಿಗೆ ಮೊದಲು ಕೈಕಾಲು ತೊಳೆದು ವುಝೂ ಮಾಡುವ, ಉಗುರಿಗೂ ನೀರು ತಾಗಲೇಬೇಕೆನ್ನುವ ಮನೆಗಳಲ್ಲಿ ಹುಡುಗಿಯರ ಬಾತ್‌ರೂಮಿನಲ್ಲಿ ಅದರ ಬಾಟ್ಲಿ ಇದ್ದೇ ಇರುತ್ತದೆ. ಅಸೀಫಾ ಉಗುರಿಗೆ ಬಣ್ಣ ಹಚ್ಚುವವರಲ್ಲ.

ಈ ತಾಯಿಗೆ ಹೂವು ಹೇಗೆ ಹೋಯಿತೆಂದೇ ಗೊತ್ತಿಲ್ಲ. ಅದು ಹೋದ ಮೇಲೆ ಅವರು ಕೋಣೆಗೆ ಬಂದಿದ್ದಾರೆ, ಯಾರ ಕೆಲಸವೆಂದು ಅವರಿಗೆ ತಿಳಿದಿದೆ, ಕೈಯಲ್ಲಿ ಎಣ್ಣೆಯಿತ್ತು, ಬೇರೇನು ಮಾಡಬೇಕೆಂದು ತೋಚದೆ ಚಿತ್ರದ ಹುಡುಗಿಯ ಕೈಗೆ ಹಚ್ಚಿದ್ದಾರೆ. ಒರೆಸಿದವರು ಬೇರೆ.

ಸಾಲಿಹಾಳ ಕೈ ನೋಡಬೇಕು ಎಂದೆ. ಅಸೀಫಾ ಎದ್ದು ಬಾಗಿಲಿಗೆ ಅಡ್ಡ ನಿಂತರು.

ಅಷ್ಟರಲ್ಲಿ ಮೇಲಿನಿಂದ ಹಾಜಿಯವರ ದನಿ ಕೇಳಿತು. ಮೇಡಂ ಎಲ್ಲಿ, ವರದಿ ಏನಾಯಿತು, ಯಲ್ಲಾ, ಬೇಗ, ಜನ ಬರುವ ಹೊತ್ತಾಯಿತು.

ನಾವು ಚಿತ್ರದ ಕೋಣೆಗೆ ಹೋದಾಗ ಹಾಜಿಯವರು ಇಸ್ತ್ರಿ ಮಾಡಿದ ಬಿಳಿ ಜುಬ್ಬದಲ್ಲಿ ಚಿತ್ರದ ಹುಡುಗಿಯ ಎದುರು ನಿಂತಿದ್ದರು. ನಾನು ಬೆರಳಿಟ್ಟ ಜಾಗ ಅವರ ಕಣ್ಣಿಗೆ ಬಿದ್ದಿತ್ತು. ಇದು ಏನು ಎಂದು ಕೇಳಿದರು. ತೆಂಗಿನೆಣ್ಣೆ ಎಂದೆ. ಅಶ್ವಿತಾ ಮಾಡಿದ್ದಲ್ಲ, ನಿಮ್ಮ ಮನೆಯೊಳಗೇ ನಡೆದದ್ದು ಎಂದೆ.

ಅವರು ಹೆಂಡತಿಯ ಕಡೆ ತಿರುಗಿದರು. ಅಸೀಫಾ ನೆಲ ನೋಡುತ್ತಿದ್ದರು. ಹೌದು ನಾನೇ ಎಂದು ಅವರು ಹೇಳುವಷ್ಟರಲ್ಲಿ ಬಾಗಿಲಿನ ಪರದೆ ಸರಿಯಿತು.

ಸಾಲಿಹಾ ಮನೆಯ ಹಸಿರು ಚೂಡಿದಾರದಲ್ಲೇ ಇದ್ದಳು. ಯಾರೂ ಕೇಳದೆಯೇ ಎರಡು ಅಂಗೈಗಳನ್ನೂ ನನ್ನ ಮುಂದೆ ಚಾಚಿದಳು.

ಎಡಗೈಯಲ್ಲಿ ಮದರಂಗಿ ಕರಿಗೆಂಪಾಗಿ ಹಿಡಿದಿತ್ತು. ಬಲಗೈಯಲ್ಲಿ ಅದೇ ಬಳ್ಳಿ, ಅದೇ ಎಲೆ, ಆದರೆ ಬಣ್ಣ ಬರೀ ಕಿತ್ತಳೆ, ಒಗೆದ ಬಟ್ಟೆಯ ಹಾಗೆ ಪೇಲವ. ಹಚ್ಚಿದ ಸ್ವಲ್ಪ ಹೊತ್ತಿಗೇ ತೊಳೆದ ಕೈ ಅದು. ಮಂಗಳವಾರ ತಲೆನೋವೆಂದು ಅವಳು ಮೇಲೆ ಹೋಗಿದ್ದು, ಬುಧವಾರ ಹೆಂಗಸರು ಕೆಂಪೇರಿದ ಒಂದು ಕೈಗೆ ಮಾತ್ರ ಅತ್ತೆಯ ಪ್ರೀತಿ ಬಂದಿದೆ ಎಂದು ಚೇಡಿಸಿ ನಕ್ಕಿದ್ದು, ಎಲ್ಲವನ್ನೂ ನಾನೇ ಕೇಳಿ ಬರೆದುಕೊಂಡಿದ್ದೆ. ಕಣ್ಣೆದುರೇ ಇದ್ದದ್ದು ತಲೆಗೆ ಹೋಗಿರಲಿಲ್ಲ.

"ಉಮ್ಮ ಸುಳ್ಳು ಹೇಳ್ತಿದ್ದಾರೆ. ಒರೆಸಿದ್ದು ನಾನು. ಸ್ಲೋ ಆಗಿ, ಅವಳಿಗೆ ಹರ್ಟ್ ಆಗದ ಹಾಗೆ. ನನ್ನ ಹೆಸರು ಬರೀರಿ ಆಂಟಿ."

ಹಾಜಿಯವರ ಮುಖ ಬಿಳಚಿಕೊಂಡಿತು. ಇದು ಹೊರಗೆ ಹೋದರೆ ಗಂಡಿನ ಕಡೆಯವರು ನಾಳೆ ಕಾಲಿಡುವುದಿಲ್ಲ, ಅಷ್ಟಾದರೂ ಗೊತ್ತುಂಟಾ ಎಂದು ಮಗಳನ್ನು ಕೇಳಿದರು. ಗೊತ್ತುಂಟು ಎಂದಳು. ಮುಸ್ತಫಾನ ಮೇಲೆ ತನಗೆ ಸಿಟ್ಟಿಲ್ಲ, ಬೇರೆ ಯಾರೂ ಮನಸ್ಸಿನಲ್ಲಿಲ್ಲ. ಊಟದ ಮೇಜಿನಲ್ಲಿ ಇಷ್ಟು ಜನರ ಎದುರು ಒಪ್ಪಿಗೆ ಅಲ್ವಾ ಎಂದು ಉಪ್ಪ ಕೇಳಿದಾಗ ತನಗೆ ಬಾಯೇ ಬರಲಿಲ್ಲ, ತಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಅಲ್‌ಹಮ್ದುಲಿಲ್ಲಾ ಎಂದು ಹಲ್ವ ಹಂಚಿಬಿಟ್ಟಿದ್ದರು, ಇಷ್ಟೇ. ಇದನ್ನು ಹೇಳುವಾಗ ಅವಳು ಅಳಲಿಲ್ಲ. ಅಪ್ಪನ ಮುಖ ನೋಡಲೂ ಇಲ್ಲ, ಚಿತ್ರದ ಕೈಯನ್ನೇ ನೋಡುತ್ತಿದ್ದಳು.

ಹಾಜಿಯವರು ಎದೆಯ ಜೇಬಿನಿಂದ ಪರ್ಸು ತೆಗೆದರು. ಏನು ತೆಗೆಯುತ್ತಾರೆಂದು ನನಗೆ ಮೊದಲೇ ಗೊತ್ತಾಯಿತು. ಅಂಚು ಸವೆದ ಒಂದು ಫೋಟೋ. ದಪ್ಪ ಜಡೆ, ಪೌಡರಿನ ಮುಖ, ಕೈಯಲ್ಲೊಂದು ಗುಲಾಬಿ.

"ನೋಡಿ ಮೇಡಂ. ಇದನ್ನು ನಾನು ಯಾವತ್ತೂ ಜೇಬಿನಿಂದ ತೆಗೆದಿಟ್ಟವನಲ್ಲ. ಇವಳೂ ಅವತ್ತು ಬಾಯಿ ಬಿಡ್ಲಿಲ್ಲ. ನಾವು ಚೆನ್ನಾಗಿ ಬದುಕ್ಲಿಲ್ವಾ?"

ಆ ಮನುಷ್ಯನ ಕಣ್ಣಿನಲ್ಲಿ ನೀರಿತ್ತು. ಅದು ನಾಟಕವಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಆಮೇಲೆ ಅವರು ವ್ಯಾಪಾರಸ್ಥರಾದರು. ಇನ್ಶೂರೆನ್ಸ್ ಕ್ಲೇಮ್ ವಾಪಸ್ ತೆಗೆದುಕೊಳ್ಳುತ್ತೇನೆ, ಅಶ್ವಿತಾಳ ಮೇಲೆ ದೂರೂ ಇಲ್ಲ, ಅವಳು ನಾಳೆಯೇ ಊರಿಗೆ ಹೋಗಲಿ, ಖಲಾಸ್. ಆದರೆ ನಾಳೆ ನಿಕಾಹ್ ನಡೆಯಬೇಕು. ಇಲ್ಲವಾದರೆ ಇವತ್ತೇ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ. ನಿಮ್ಮ ಎಣ್ಣೆಯ ಕಥೆಯೂ ಅಲ್ಲಿರಲಿ, ಲಂಡನ್ನಿನ ವರದಿಯೂ ಅಲ್ಲಿರಲಿ, ಅಶ್ವಿತಾಳ ಚೀಲದಲ್ಲಿರುವ ಅಸಿಟೋನ್ ಬಾಟ್ಲಿಯೂ ಅಲ್ಲಿರಲಿ. ಯಾವುದು ಸತ್ಯವೆಂದು ತೀರ್ಮಾನವಾಗುವ ತನಕ ಆ ಹುಡುಗಿ ಇಲ್ಲಿಯೇ ಇರಬೇಕಾಗುತ್ತದೆ.

ನೀವು ಮಾಡುತ್ತಿರುವುದು ನಿಮಗೆ ಗೊತ್ತಾಗುತ್ತಿದೆಯೇ ಎಂದು ನಾನು ದನಿ ಏರಿಸಿದೆ. ಅವರು ನನ್ನ ಕಡೆ ನೋಡಲಿಲ್ಲ. ಮಗಳನ್ನು ನೋಡುತ್ತಿದ್ದರು.

ಸಾಲಿಹಾ ಮಾತಾಡಲಿಲ್ಲ. ಚಾಚಿದ್ದ ಕೈಗಳನ್ನು ಹಿಂದೆ ತೆಗೆದುಕೊಂಡು ದುಪ್ಪಟ್ಟಾದೊಳಗೆ ಸೇರಿಸಿದಳು.

ಹಾಜಿಯವರು ಉಸಿರು ಬಿಟ್ಟರು. ದನಿ ಮೆತ್ತಗಾಯಿತು.

"ಸುಮ್ಮನಿದ್ದಾಳೆ. ಒಪ್ಪಿಗೆ ಅಂತ ಆಯ್ತು ಮೇಡಂ. ನಿಮ್ಮ ಫೈಲು ಮುಚ್ಚಿ."

ಆಗ ಅಸೀಫಾ ಮುಂದೆ ಬಂದು ಗಂಡನ ಕೈಯಿಂದ ಆ ಫೋಟೋವನ್ನು ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ, ಊಟದ ತಟ್ಟೆ ತೆಗೆದುಕೊಂಡ ಹಾಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಗುಲಾಬಿಯನ್ನು ಮುಚ್ಚಿ ಅವರ ಮುಖದ ಮುಂದೆ ಹಿಡಿದರು.

"ಈಗ ನೋಡಿ. ಈ ಹೂ ನಾನು ಹಿಡಿದದ್ದಲ್ಲ. ಸ್ಟುಡಿಯೋದವನು ತುರುಕಿದ್ದು. ಕಣ್ಣು ನೋಡಿ, ಊದಿಕೊಂಡಿಲ್ವಾ? ಇಷ್ಟು ವರ್ಷ ಇಟ್ಕೊಂಡ್ರಿ, ಒಂದು ಸಲವೂ ಕಣ್ಣು ನೋಡ್ಲಿಲ್ಲ ನೀವು."

ಹಾಜಿಯವರು ನೋಡಿದರು. ನೋಡುತ್ತಲೇ ನಿಂತರು. ಫೋಟೋ ವಾಪಸ್ ಬೇಕೆಂಬಂತೆ ಕೈ ಚಾಚಿದರು. ಅಸೀಫಾ ಕೊಡಲಿಲ್ಲ.

ಆ ಮನುಷ್ಯ ಎಲ್ಲರೆದುರೇ ಒಡೆದುಹೋದರು. ಗೋಡೆಗೆ ಆತು ಕುಳಿತರು, ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ ಮಗಳ ಕಡೆ ತಲೆಯೆತ್ತಿದರು. ಆ ಮನೆಯಲ್ಲಿ ಯಾರೂ ಯಾರನ್ನೂ ಹೀಗೆ ಕೇಳಿರಲಿಕ್ಕಿಲ್ಲ.

"ಮೋಳೇ, ನೀನೇ ಹೇಳು. ಬೇಕಾ, ಬೇಡ್ವಾ?"

ಕೆಳಗೆ ಕಾರುಗಳು ನಿಂತ ಸದ್ದಾಯಿತು. ಬಾಗಿಲ ಬೆಲ್ಲು, ಹೆಂಗಸರ ಸಲಾಂ, ನಗು, ಬಟ್ಟೆಯ ಪೆಟ್ಟಿಗೆಗಳನ್ನು ಮೆಟ್ಟಿಲ ಮೇಲೆ ಇಡುವ ಸದ್ದು. ಯಾರೋ ಮದುಮಗಳು ಎಲ್ಲಿ ಎಂದು ಕೂಗಿದರು.

ಸಾಲಿಹಾ ಕಿಟಕಿಯ ಹತ್ತಿರ ಹೋದಳು. ಅಲ್ಲಿಂದ ಗೇಟಿನ ಆಚೆ ನನ್ನ ಕಾರು ಕಾಣುತ್ತಿತ್ತು. ಮುಂದಿನ ಸೀಟಿನಲ್ಲಿ ಅಶ್ವಿತಾ ಕೊನೆಗೂ ಫೋನು ಎತ್ತಿ ಕಿವಿಗೆ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ನಾನು ಹಾಜಿಯವರ ಮುಖ ನೋಡಿದೆ. ದೂರಿನ ಮಾತನ್ನು ಅವರು ವಾಪಸ್ ತೆಗೆದುಕೊಂಡಿರಲಿಲ್ಲ. ಅದು ಅವರಿಗೆ ನೆನಪಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಸಾಲಿಹಾಳಿಗೆ ನೆನಪಿತ್ತು.

ಅವಳು ಅಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಆಂಟಿ, ನಾನು ಹೌದು ಅಂದ್ರೆ ಅಶ್ವಿತಕ್ಕ ಮನೆಗೆ ಹೋಗ್ಬಹುದಲ್ಲಾ?"